ಕೊಡಗಿನ ಶಾಸಕರ ಪರಿಸರ ದಾಖಲೆ: ವಿರೋಧದ ಪುಟ ದಪ್ಪ, ಶಾಸನದ ಪುಟ ತೆಳು

ಮಡಿಕೇರಿ: ಪಶ್ಚಿಮ ಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸುವ ಸಲುವಾಗಿ ಕೇಂದ್ರ ಸರ್ಕಾರ 2014ರಿಂದ 2024ರವರೆಗೆ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಪ್ರತಿ ಕರಡಿನ ಬೆನ್ನಿಗೇ ಕೊಡಗಿನಲ್ಲಿ ಸಭೆಗಳು ನಡೆದವು, ಮನವಿಗಳು ಸಲ್ಲಿಕೆಯಾದವು, ಜನಪ್ರತಿನಿಧಿಗಳ ಖಂಡನಾ ಹೇಳಿಕೆಗಳು ಪ್ರಕಟವಾದವು. ಪಕ್ಷ ಯಾವುದೇ ಇರಲಿ, ಜಿಲ್ಲೆಯಿಂದ ಆಯ್ಕೆಯಾದವರ ನಿಲುವು ಬಹುತೇಕ ಒಂದೇ ಆಗಿತ್ತು: ಕಸ್ತೂರಿರಂಗನ್ ವರದಿ ಬೇಡ.

ಒಬ್ಬ ಶಾಸಕನ ಪರಿಸರ ದಾಖಲೆಯನ್ನು ಈ ಒಂದು ನಿಲುವಿನಿಂದಲೇ ಅಳೆಯುವುದು ರೂಢಿಯಾಗಿದೆ. ವರದಿಯನ್ನು ವಿರೋಧಿಸಿದವರು ರೈತರ ಪರ, ಬೆಂಬಲಿಸಿದವರು ಕಾಡಿನ ಪರ ಎಂಬ ಸರಳ ಲೆಕ್ಕ ಅದು. ಆದರೆ ಅಧಿಸೂಚನೆಯಲ್ಲಿ ನಿಜಕ್ಕೂ ಏನಿದೆ, ಅದನ್ನು ತಡೆಯುವ ಅಧಿಕಾರ ಶಾಸಕರಿಗೆ ಎಷ್ಟಿದೆ, 2018ರ ದುರಂತದಂಥ ಘಟನೆಗಳನ್ನು ತಡೆಯಬಲ್ಲ ಕಾನೂನು ಯಾರ ಕೈಯಲ್ಲಿದೆ ಎಂಬುದನ್ನು ಬಿಡಿಸಿ ನೋಡಿದಾಗ ಈ ಲೆಕ್ಕ ತಪ್ಪುತ್ತದೆ.

ಇದು ಕೊಡಗಿನವರಿಗಷ್ಟೇ ಸಂಬಂಧಿಸಿದ ವಿಷಯವೂ ಅಲ್ಲ. ಕಾವೇರಿ ಹುಟ್ಟುವುದು ತಲಕಾವೇರಿಯಲ್ಲಿ. ಕೃಷ್ಣರಾಜಸಾಗರಕ್ಕೆ ಹರಿದು ಬರುವ ನೀರಿನ ದೊಡ್ಡ ಪಾಲು ಈ ಜಿಲ್ಲೆಯ ಬೆಟ್ಟಗಳ ಮಳೆಯಿಂದ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಕಾವೇರಿ ಐದನೇ ಹಂತದ ಯೋಜನೆ ಬೆಂಗಳೂರಿಗೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರು ಒದಗಿಸುವ ಉದ್ದೇಶದ್ದು. ಕೊಡಗಿನ ಇಳಿಜಾರುಗಳ ಕುರಿತು ವಿಧಾನಸೌಧದಲ್ಲಿ ಆಗುವ ಅಥವಾ ಆಗದಿರುವ ತೀರ್ಮಾನ ಮೈಸೂರು, ಮಂಡ್ಯ, ಬೆಂಗಳೂರುಗಳ ನಲ್ಲಿಯವರೆಗೂ ತಲುಪುತ್ತದೆ.

ಇಬ್ಬರೇ ಶಾಸಕರು

1950ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. ಸುಮಾರು 2.3 ಲಕ್ಷ ಜನಸಂಖ್ಯೆಗೆ 24 ಸದಸ್ಯರ ವಿಧಾನಸಭೆ ಇತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾದ ನಂತರ ಈ ಪ್ರಾತಿನಿಧ್ಯ ಬಹುವಾಗಿ ಕುಗ್ಗಿತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರವೂ ಇಲ್ಲವಾಗಿ, 224 ಸದಸ್ಯರ ವಿಧಾನಸಭೆಯಲ್ಲಿ ಕೊಡಗಿಗೆ ಮಡಿಕೇರಿ ಮತ್ತು ವಿರಾಜಪೇಟೆ ಎಂಬ ಎರಡೇ ಸ್ಥಾನಗಳು ಉಳಿದವು. ಲೋಕಸಭೆಗೆ ಸಂಬಂಧಿಸಿದಂತೆ ಮೈಸೂರು-ಕೊಡಗು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಇವೆರಡು ಸೇರಿವೆ.

2008, 2013 ಮತ್ತು 2018ರ ಮೂರೂ ಚುನಾವಣೆಗಳಲ್ಲಿ ವಿರಾಜಪೇಟೆಯಿಂದ ಕೆ.ಜಿ. ಬೋಪಯ್ಯ, ಮಡಿಕೇರಿಯಿಂದ ಎಂ.ಪಿ. ಅಪ್ಪಚ್ಚು ರಂಜನ್ ಬಿಜೆಪಿಯಿಂದ ಗೆದ್ದರು. 2023ರಲ್ಲಿ ಕಾಂಗ್ರೆಸ್‌ನ ಎ.ಎಸ್. ಪೊನ್ನಣ್ಣ ಮತ್ತು ಡಾ. ಮಂತರ್ ಗೌಡ ಇವರನ್ನು ಸೋಲಿಸಿದರು. ಪಶ್ಚಿಮ ಘಟ್ಟದ ಕುರಿತ ಎಲ್ಲ ಪ್ರಮುಖ ಬೆಳವಣಿಗೆಗಳೂ ಈ ಅವಧಿಯಲ್ಲೇ ನಡೆದಿರುವುದರಿಂದ ಜಿಲ್ಲೆಯ ಪರಿಸರ ದಾಖಲೆ ಎಂದರೆ ಬಹುಮಟ್ಟಿಗೆ ಈ ನಾಲ್ವರ ಕಾಲದ ದಾಖಲೆ.

ಸಭಾಧ್ಯಕ್ಷರ ಅವಧಿ

ಇವರಲ್ಲಿ ಬೋಪಯ್ಯ ಅವರ ಅವಧಿಗೆ ವಿಶೇಷ ಮಹತ್ವವಿದೆ. ವೃತ್ತಿಯಿಂದ ವಕೀಲರಾದ ಅವರು 2009ರ ಕೊನೆಯಿಂದ 2013ರವರೆಗೆ ವಿಧಾನಸಭಾಧ್ಯಕ್ಷರಾಗಿದ್ದರು. ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಮಾರ್ಚ್‌ನಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ ರಚಿಸಿದ್ದು, ಆ ಸಮಿತಿ 2011ರ ಆಗಸ್ಟ್ 31ರಂದು ವರದಿ ಒಪ್ಪಿಸಿದ್ದು, 2012ರ ಆಗಸ್ಟ್‌ನಲ್ಲಿ ಕೆ. ಕಸ್ತೂರಿರಂಗನ್ ನೇತೃತ್ವದ ಉನ್ನತ ಮಟ್ಟದ ಕಾರ್ಯತಂಡ ರಚನೆಯಾಗಿದ್ದು, ಅದು 2013ರ ಏಪ್ರಿಲ್‌ನಲ್ಲಿ ವರದಿ ನೀಡಿದ್ದು ಎಲ್ಲವೂ ಅವರು ಆ ಪೀಠದಲ್ಲಿದ್ದಾಗಲೇ.

ಇದೇ ಅವಧಿಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ವಿವಾದವೂ ಎದ್ದಿತು. 2012ರ ಜುಲೈ 1ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ಅಧಿವೇಶನದಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಪಟ್ಟಿಗೆ ಸೇರಿದವು. ಅವುಗಳಲ್ಲಿ ಕರ್ನಾಟಕದ ಪಾಲು 10. ಪುಷ್ಪಗಿರಿ, ತಲಕಾವೇರಿ ಮತ್ತು ಬ್ರಹ್ಮಗಿರಿ ವನ್ಯಧಾಮಗಳು, ಪಡಿನಾಲ್ಕುನಾಡು ಮತ್ತು ಕೆರ್ಟಿ ಮೀಸಲು ಅರಣ್ಯಗಳು ಇವುಗಳಲ್ಲಿ ಸೇರಿವೆ. ರಾಜ್ಯದ ಅಂದಿನ ಬಿಜೆಪಿ ಸರ್ಕಾರ ಈ ಪಟ್ಟಿಯನ್ನು ವಿರೋಧಿಸಿತ್ತು. ಸಭಾಧ್ಯಕ್ಷ ಬೋಪಯ್ಯ ಸಹ ಬಹಿರಂಗವಾಗಿಯೇ ವಿರೋಧಿಸಿದವರಲ್ಲಿ ಒಬ್ಬರು. ಪರಂಪರೆಯ ಪಟ್ಟಿಯಿಂದ ಬೆಳೆಗಾರರ ಬದುಕಿಗೆ ಅಡ್ಡಿಯಾಗುತ್ತದೆ ಎಂಬುದು ವಿರೋಧದ ತಿರುಳಾಗಿತ್ತು.

ಪಟ್ಟಿಗೆ ಸೇರಿದ ಈ ಎಲ್ಲ ತಾಣಗಳೂ ಅದಕ್ಕೂ ಮೊದಲೇ ವನ್ಯಜೀವಿ ಹಾಗೂ ಅರಣ್ಯ ಕಾಯ್ದೆಗಳ ರಕ್ಷಣೆಯಲ್ಲಿದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು. ಯುನೆಸ್ಕೊ ಮಾನ್ಯತೆ ತಾನಾಗಿ ಯಾವುದೇ ಹೊಸ ಭಾರತೀಯ ಕಾನೂನನ್ನು ಜಾರಿಗೆ ತರುವುದಿಲ್ಲ. ಆದರೆ ಅಭಯಾರಣ್ಯ, ಮೀಸಲು ಅರಣ್ಯ, ಆನೆಗಳ ಹಾವಳಿ ಎಂದು ಹತ್ತಾರು ವರ್ಷಗಳಿಂದ ಅರಣ್ಯ ಇಲಾಖೆಯೊಂದಿಗೆ ಹೆಣಗುತ್ತ ಬಂದ ಜನರಿಗೆ ಇನ್ನೊಂದು ಹೆಸರು ಇನ್ನೊಂದು ನಿರ್ಬಂಧವಾಗಿ ಕಂಡದ್ದು ಸಹಜ. ಆ ಭಯವನ್ನು ಜನಪ್ರತಿನಿಧಿಗಳು ಎತ್ತಿ ಹಿಡಿದರು. ಅದರಲ್ಲಿ ಎಷ್ಟು ನಿಜ, ಎಷ್ಟು ಊಹೆ ಎಂದು ವಿಂಗಡಿಸಿ ಹೇಳುವ ಕೆಲಸ ಅಷ್ಟೇ ಜೋರಾಗಿ ನಡೆಯಲಿಲ್ಲ.

ಕಸ್ತೂರಿರಂಗನ್ ವರದಿಯಲ್ಲಿ ಏನಿದೆ?

ಗಾಡ್ಗೀಳ್ ಸಮಿತಿ ಇಡೀ ಪಶ್ಚಿಮ ಘಟ್ಟವನ್ನು ಮೂರು ವಲಯಗಳಾಗಿ ವಿಂಗಡಿಸಿ ಸೂಕ್ಷ್ಮವೆಂದು ಪರಿಗಣಿಸಬೇಕು ಎಂದಿತ್ತು. ಕಸ್ತೂರಿರಂಗನ್ ಕಾರ್ಯತಂಡ ಅದನ್ನು ಸಡಿಲಿಸಿತು. ಘಟ್ಟದ ಸುಮಾರು ಶೇ 60ರಷ್ಟು ಭಾಗ ಊರು, ಹೊಲ, ತೋಟಗಳಿಂದ ಕೂಡಿದ ಸಾಂಸ್ಕೃತಿಕ ಭೂದೃಶ್ಯ ಎಂದು ಪರಿಗಣಿಸಿ ಹೊರಗಿಟ್ಟಿತು. ಉಳಿದ ನೈಸರ್ಗಿಕ ಪ್ರದೇಶದ ಬಹುಭಾಗವನ್ನು, ಅಂದರೆ ಒಟ್ಟು ಘಟ್ಟದ ಶೇ 37ರಷ್ಟನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಿತು. ಕರ್ನಾಟಕದಲ್ಲಿ ಇದರ ವಿಸ್ತಾರ 20,668 ಚದರ ಕಿಲೋಮೀಟರ್. ಕೊಡಗಿನ 55 ಗ್ರಾಮಗಳು ಇದರಲ್ಲಿ ಸೇರಿದವು.

ಕರಡು ಅಧಿಸೂಚನೆ ಪೂರ್ಣವಾಗಿ ನಿಷೇಧಿಸುವ ಚಟುವಟಿಕೆಗಳು ಬೆರಳೆಣಿಕೆಯಷ್ಟು. ಗಣಿಗಾರಿಕೆ, ಕಲ್ಲು ಕ್ವಾರಿ ಮತ್ತು ಮರಳು ಗಣಿಗಾರಿಕೆ; ಹೊಸ ಉಷ್ಣ ವಿದ್ಯುತ್ ಸ್ಥಾವರ; ಕೆಂಪು ವರ್ಗದ ಹೊಸ ಕೈಗಾರಿಕೆ; 20,000 ಚದರ ಮೀಟರ್ ಅಥವಾ ಅದಕ್ಕೂ ಹೆಚ್ಚು ವಿಸ್ತಾರದ ಕಟ್ಟಡ; 50 ಹೆಕ್ಟೇರ್‌ಗಿಂತ ದೊಡ್ಡ ಪಟ್ಟಣ ನಿರ್ಮಾಣ. ಕೃಷಿಯನ್ನಾಗಲಿ, ತೋಟಗಾರಿಕೆಯನ್ನಾಗಲಿ ಅದು ನಿಷೇಧಿಸುವುದಿಲ್ಲ. ಭೂಮಿಯ ಒಡೆತನ ಬದಲಾಗುವುದಿಲ್ಲ, ಯಾರನ್ನೂ ಒಕ್ಕಲೆಬ್ಬಿಸುವುದಿಲ್ಲ ಎಂಬ ಸ್ಪಷ್ಟನೆಯನ್ನು ಕೇಂದ್ರ 2013ರಲ್ಲೇ ನೀಡಿತ್ತು.

ಹಾಗೆಂದು ಆಕ್ಷೇಪಗಳೆಲ್ಲ ಆಧಾರರಹಿತವೆನ್ನಲಾಗದು. ಕಾರ್ಯತಂಡ ಬಳಸಿದ್ದು ಉಪಗ್ರಹ ಚಿತ್ರ. ಕೊಡಗಿನ ಕಾಫಿ ಬೆಳೆಯುವುದು ನೆರಳಿನ ಮರಗಳ ಕೆಳಗೆ. ಆಕಾಶದಿಂದ ನೋಡಿದರೆ ದಟ್ಟ ನೆರಳಿನ ತೋಟಕ್ಕೂ ಕಾಡಿಗೂ ವ್ಯತ್ಯಾಸ ತಿಳಿಯುವುದು ಕಷ್ಟ ಎಂಬ ವಾದವನ್ನು ಜಿಲ್ಲೆಯ ಬೆಳೆಗಾರರೂ ಪ್ರತಿನಿಧಿಗಳೂ ಮುಂದಿಟ್ಟರು. ಗ್ರಾಮವೊಂದರ ಶೇ 20ರಷ್ಟು ಭಾಗ ಸೂಕ್ಷ್ಮವೆಂದು ಕಂಡುಬಂದರೂ ಇಡೀ ಗ್ರಾಮ ಪಟ್ಟಿಗೆ ಸೇರಿದ್ದು ಇನ್ನೊಂದು ಅಸಮಾಧಾನ. ನೆರಳಿನ ಮರ ಉಳಿಸಿಕೊಂಡವನಿಗೆ ನಿರ್ಬಂಧ, ಕಡಿದವನಿಗೆ ಬಿಡುಗಡೆ ಎಂಬ ಸ್ಥಿತಿ ಬರಬಹುದೆಂಬ ಆತಂಕ ತಳ್ಳಿಹಾಕುವಂಥದ್ದಲ್ಲ.

ತಿರಸ್ಕಾರದಿಂದ ಆದದ್ದೇನು?

ಇಲ್ಲಿ ಕೇರಳದ ಹೋಲಿಕೆ ಉಪಯುಕ್ತ. ಅಲ್ಲಿಯೂ ವಿರೋಧ ತೀವ್ರವಾಗಿತ್ತು. ಆ ಸರ್ಕಾರ ಉಮ್ಮನ್ ವಿ. ಉಮ್ಮನ್ ನೇತೃತ್ವದಲ್ಲಿ ಸಮಿತಿ ರಚಿಸಿ, ಸ್ಥಳ ಪರಿಶೀಲನೆ ನಡೆಸಿ, ತನ್ನದೇ ನಕ್ಷೆಯನ್ನು ಕೇಂದ್ರದ ಮುಂದಿಟ್ಟಿತು. ಪರಿಣಾಮವಾಗಿ 13,108 ಚದರ ಕಿ.ಮೀ. ಇದ್ದ ಕೇರಳದ ಪಾಲು ಕರಡಿನಲ್ಲಿ 9,993.7 ಚದರ ಕಿ.ಮೀ.ಗೆ ಇಳಿಯಿತು. ಕರ್ನಾಟಕದ 20,668 ಚದರ ಕಿ.ಮೀ. ಮಾತ್ರ 2014ರ ಮೊದಲ ಕರಡಿನಲ್ಲೂ 2024ರ ಆರನೇ ಕರಡಿನಲ್ಲೂ ಹಾಗೆಯೇ ಇದೆ. ಆರು ರಾಜ್ಯಗಳ ಒಟ್ಟು 56,825 ಚದರ ಕಿ.ಮೀ.ಯಲ್ಲಿ ಶೇ 36ರಷ್ಟು ಕರ್ನಾಟಕದ್ದೇ. ಹತ್ತು ವರ್ಷಗಳ ವಿರೋಧ ನಕ್ಷೆಯ ಮೇಲಿನ ಗೆರೆಯನ್ನು ಸರಿಸಲಿಲ್ಲ.

ಕಾನೂನಿನ ಸ್ವರೂಪವೂ ಇದಕ್ಕೆ ಕಾರಣ. ಪರಿಸರ ಸೂಕ್ಷ್ಮ ಪ್ರದೇಶವನ್ನು ಘೋಷಿಸುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ. ಕರಡು ಪ್ರಕಟಿಸಿ, ಆಕ್ಷೇಪಗಳಿಗೆ 60 ದಿನ ಕಾಲಾವಕಾಶ ನೀಡಿ, ನಂತರ ಅಂತಿಮಗೊಳಿಸಬೇಕು. ನಿಗದಿತ ಅವಧಿಯೊಳಗೆ ಅಂತಿಮವಾಗದಿದ್ದರೆ ಕರಡು ಊರ್ಜಿತದಲ್ಲಿರುವುದಿಲ್ಲ. ಮತ್ತೆ ಹೊಸದು ಬರಬೇಕು. ರಾಜ್ಯಗಳ ಅಭಿಪ್ರಾಯ ಕೇಳಲಾಗುತ್ತದೆಯಾದರೂ ರಾಜ್ಯ ಸಚಿವ ಸಂಪುಟದ ತಿರಸ್ಕಾರಕ್ಕೆ ವೀಟೊ ಬಲವಿಲ್ಲ. ರಾಜಕೀಯವಾಗಿ ಅದು ಅಧಿಸೂಚನೆಯನ್ನು ಮುಂದೂಡಿಸಬಲ್ಲದು, ಅಷ್ಟೆ.

ಮುಂದೂಡಿಕೆಯ ನಡುವೆಯೂ ನಿರ್ಬಂಧ ಕಾದು ಕೂರಲಿಲ್ಲ. ಕೇಂದ್ರ ಪರಿಸರ ಸಚಿವಾಲಯ 2013ರ ನವೆಂಬರ್ 13ರಂದೇ ಪರಿಸರ ಸಂರಕ್ಷಣಾ ಕಾಯ್ದೆಯ ಐದನೇ ಸೆಕ್ಷನ್ ಅಡಿ ನಿರ್ದೇಶನ ಹೊರಡಿಸಿ, ಗುರುತಿಸಿದ ಪ್ರದೇಶಗಳಲ್ಲಿ ಗಣಿ, ಉಷ್ಣ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, ಬೃಹತ್ ಕಟ್ಟಡಗಳಿಗೆ ಹೊಸ ಅನುಮತಿಯನ್ನು ತಡೆದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ 2018ರ ಆಗಸ್ಟ್‌ನಲ್ಲಿ, 2017ರ ಕರಡಿನಲ್ಲಿದ್ದ ಪ್ರದೇಶವನ್ನು ಕುಗ್ಗಿಸಬಾರದು, ಅಧಿಸೂಚನೆ ಅಂತಿಮವಾಗುವವರೆಗೆ ಪರಿಸರಕ್ಕೆ ಧಕ್ಕೆ ತರುವ ಯೋಜನೆಗಳಿಗೆ ಅನುಮತಿ ನೀಡಬಾರದು ಎಂದು ಸೂಚಿಸಿತು.

ಆದರೂ ಪಕ್ಷಾತೀತ ವಿರೋಧ ಮುಂದುವರಿಯಿತು. 2022ರ ಜುಲೈನಲ್ಲಿ ಐದನೇ ಕರಡು ಬಂದಾಗ ಬಸವರಾಜ ಬೊಮ್ಮಾಯಿ ಸರ್ಕಾರ ವಿರೋಧಿಸಿತು. ಅಂದಿನ ಗೃಹ ಸಚಿವ ಆರಗ ಜ್ಞಾನೇಂದ್ರ ನೇತೃತ್ವದಲ್ಲಿ ಮಲೆನಾಡಿನ ಶಾಸಕರ ನಿಯೋಗ ದೆಹಲಿಗೆ ತೆರಳಿತು. 2024ರ ಜುಲೈ 30ರಂದು ಕೊಡಗಿಗೆ ಹೊಂದಿಕೊಂಡ ವಯನಾಡಿನಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಭೂಕುಸಿತ ಸಂಭವಿಸಿ, ಮರುದಿನವೇ ಆರನೇ ಕರಡು ಹೊರಬಿತ್ತು. ಸೆಪ್ಟೆಂಬರ್ 26ರಂದು ಸಿದ್ದರಾಮಯ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು. ಸರ್ಕಾರ ಬದಲಾಗಿತ್ತು, ಕೊಡಗಿನ ಇಬ್ಬರೂ ಶಾಸಕರು ಬದಲಾಗಿದ್ದರು, ತೀರ್ಮಾನ ಬದಲಾಗಲಿಲ್ಲ.

2018 ಹೇಳಿದ ಪಾಠ

2018ರ ಆಗಸ್ಟ್ ಮಧ್ಯಭಾಗದಲ್ಲಿ ಸುರಿದ ಮಳೆಗೆ ಮಕ್ಕಂದೂರು, ಹೆಬ್ಬೆಟ್ಟಗೇರಿ, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ ಮುಂತಾದೆಡೆ ಬೆಟ್ಟಗಳು ಕುಸಿದವು. ಇಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡರು. ಸಾವಿರಾರು ಮಂದಿ ಪರಿಹಾರ ಕೇಂದ್ರ ಸೇರಿದರು. ಮಡಿಕೇರಿ-ಸಂಪಾಜೆ ಹೆದ್ದಾರಿ ಕಡಿದುಹೋಯಿತು. ಮನೆ ಕಳೆದುಕೊಂಡವರಿಗಾಗಿ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಹೊಸ ಬಡಾವಣೆಗಳನ್ನು ಕಟ್ಟಬೇಕಾಯಿತು. ಮರುವರ್ಷ ವಿರಾಜಪೇಟೆ ಸಮೀಪದ ತೋರ ಗ್ರಾಮದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಮತ್ತೆ ಬೆಟ್ಟ ಜಾರಿತು. ತಲಕಾವೇರಿಯಲ್ಲಿ ಅರ್ಚಕರು ಸೇರಿ ಐವರು ಮಣ್ಣುಪಾಲಾದರು.

2018ರ ಘಟನೆಯನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅತಿಮಳೆಯ ಜೊತೆಗೆ ಮನುಷ್ಯ ಮಾಡಿದ ಇಳಿಜಾರಿನ ಬದಲಾವಣೆಯತ್ತ ಬೊಟ್ಟು ಮಾಡಿತು. ರಸ್ತೆಗೆ, ಮನೆಗೆ, ತೋಟಕ್ಕೆಂದು ಬೆಟ್ಟದ ಬುಡವನ್ನು ಕಡಿದಾಗಿ ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಸಹಜ ತೋಡುಗಳು ಮುಚ್ಚಿಹೋದಾಗ ಮಳೆನೀರು ಹರಿದುಹೋಗದೆ ಮಣ್ಣಿನೊಳಗೇ ಇಳಿದು ತುಂಬಿಕೊಳ್ಳುತ್ತದೆ. ಒಂದು ಹಂತದಲ್ಲಿ ನೆನೆದ ಮಣ್ಣಿನ ಭಾರ ಹಿಡಿತಕ್ಕಿಂತ ಹೆಚ್ಚಾಗಿ ಇಡೀ ಪದರವೇ ಕೆಳಗಿಳಿಯುತ್ತದೆ. ಹವಾಮಾನ ಬದಲಾವಣೆಯಿಂದ ಕೆಲವೇ ದಿನಗಳಲ್ಲಿ ವಿಪರೀತ ಮಳೆ ಸುರಿಯುವ ಸಂಭವ ಹೆಚ್ಚುತ್ತಿರುವಾಗ ಈ ಅಪಾಯ ಇಮ್ಮಡಿಯಾಗುತ್ತದೆ.

ಈಗ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕಸ್ತೂರಿರಂಗನ್ ಅಧಿಸೂಚನೆ ತಡೆಯುವ ಕಟ್ಟಡದ ಅಳತೆ 20,000 ಚದರ ಮೀಟರ್, ಎಂದರೆ ಎರಡು ಲಕ್ಷ ಚದರ ಅಡಿಗೂ ಹೆಚ್ಚು. ಇಳಿಜಾರಿನಲ್ಲಿ ಜೆಸಿಬಿಯಿಂದ ಸಮತಟ್ಟು ಮಾಡಿದ ಹತ್ತು ಸೆಂಟ್ ಜಾಗದ ಮನೆಯನ್ನಾಗಲಿ, ನಾಲ್ಕು ಕೋಣೆಯ ಹೋಂಸ್ಟೇಯನ್ನಾಗಲಿ ಅದು ಮುಟ್ಟುವುದೇ ಇಲ್ಲ. ವರದಿ ಜಾರಿಯಾದರೆ ಕಾಫಿ ತೋಟ ಹೋಗುತ್ತದೆ ಎಂಬ ಭಯ ಎಷ್ಟು ಅತಿರೇಕವೋ, ವರದಿ ಜಾರಿಯಾಗಿದ್ದರೆ 2018ರ ದುರಂತ ತಪ್ಪುತ್ತಿತ್ತು ಎಂಬ ನಂಬಿಕೆಯೂ ಅಷ್ಟೇ ಅತಿರೇಕ. ಮನೆಯ ಹಿಂದಿನ ಬರೆ ಎಷ್ಟು ಎತ್ತರ ಕತ್ತರಿಸಬಹುದು, ಎಷ್ಟು ಕಡಿದಾದ ಜಾಗದಲ್ಲಿ ಕಟ್ಟಬಾರದು, ಕೃಷಿ ಭೂಮಿಯನ್ನು ಯಾವ ಷರತ್ತಿನ ಮೇಲೆ ಪರಿವರ್ತಿಸಬಹುದು ಎಂಬುದೆಲ್ಲ ಕರ್ನಾಟಕ ಭೂಕಂದಾಯ ಕಾಯ್ದೆ, ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಪಂಚಾಯತ್ ರಾಜ್ ಕಾಯ್ದೆಗಳ ವ್ಯಾಪ್ತಿಗೆ ಬರುತ್ತದೆ. ಅಂದರೆ ಅದು ವಿಧಾನಸಭೆಯ ಕೆಲಸ.

ಶಾಸನದ ಪುಟ

ನೆರೆಯ ತಮಿಳುನಾಡು ಗುಡ್ಡಗಾಡು ಪ್ರದೇಶಗಳ ಮರ ಸಂರಕ್ಷಣೆಗೆಂದೇ 1955ರಲ್ಲಿ ಕಾಯ್ದೆ ಮಾಡಿತು. ಗಿರಿಧಾಮಗಳ ಕಟ್ಟಡಗಳಿಗೆ 1993ರಲ್ಲಿ ಪ್ರತ್ಯೇಕ ನಿಯಮ ರೂಪಿಸಿತು. ನೀಲಗಿರಿಯಲ್ಲಿ ಆ ಬಳಿಕವೂ, 2009ರ ನವೆಂಬರ್‌ನಲ್ಲಿ ಭೂಕುಸಿತಗಳು 40ಕ್ಕೂ ಹೆಚ್ಚು ಜನರನ್ನು ಬಲಿ ಪಡೆದವು. ಕಾಯ್ದೆಯೊಂದೇ ಸಾಲದು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಪ್ರಶ್ನಿಸಲು, ನ್ಯಾಯಾಲಯಕ್ಕೆ ಹೋಗಲು ಅಲ್ಲಿ ಒಂದು ನಿಯಮವಾದರೂ ಇದೆ. ಕೊಡಗಿನ ಇಳಿಜಾರುಗಳಿಗೆಂದೇ ರೂಪಿಸಿದ ಅಂಥ ಶಾಸನ ನಮ್ಮಲ್ಲಿ 2018ರ ನಂತರವೂ ಬರಲಿಲ್ಲ. ಮಳೆಗಾಲದಲ್ಲಿ ಭಾರಿ ಸರಕು ವಾಹನಗಳನ್ನು ತಡೆಯುವಂಥ ಕ್ರಮಗಳು ಜಿಲ್ಲಾಧಿಕಾರಿಗಳ ತಾತ್ಕಾಲಿಕ ಆದೇಶಗಳ ಮೂಲಕ ನಡೆಯುತ್ತ ಬಂದಿವೆ. ಮಳೆ ನಿಂತೊಡನೆ ಅಂಥ ಆದೇಶದ ಅವಧಿಯೂ ಮುಗಿಯುತ್ತದೆ.

ಕೊಡಗಿನ ಭೂಮಿಗೆ ಸಂಬಂಧಿಸಿದಂತೆ ಶಾಸನಸಭೆ ಸುಮ್ಮನೆ ಕುಳಿತಿತ್ತೆಂದು ಹೇಳಲಾಗದು. ಜಮ್ಮಾ ಬಾಣೆ ಜಮೀನಿನ ಹಿಡುವಳಿದಾರರಿಗೆ ಹಕ್ಕು ನೀಡುವ ಭೂಕಂದಾಯ ಕಾಯ್ದೆ ತಿದ್ದುಪಡಿ 2011ರಲ್ಲಿ, ಬೋಪಯ್ಯ ಸಭಾಧ್ಯಕ್ಷರಾಗಿದ್ದಾಗ ಅಂಗೀಕಾರವಾಯಿತು. ತಲೆಮಾರುಗಳಿಂದ ಉಳುತ್ತ ಬಂದ ಭೂಮಿಯ ದಾಖಲೆ ಸರಿಪಡಿಸುವುದು ಜನರ ನ್ಯಾಯವಾದ ಬೇಡಿಕೆಯಾಗಿತ್ತು. ಇಬ್ಬರೇ ಶಾಸಕರಿರುವ ಜಿಲ್ಲೆಗೂ ಮನಸ್ಸು ಮಾಡಿದರೆ ಪ್ರತ್ಯೇಕ ಕಾನೂನು ತರಲು ಸಾಧ್ಯ ಎಂಬುದನ್ನು ಈ ತಿದ್ದುಪಡಿ ತೋರಿಸಿಕೊಟ್ಟಿತು.

ಮರದ ಹಕ್ಕಿನ ಪ್ರಶ್ನೆಯೂ ಇದೇ ಸಾಲಿಗೆ ಸೇರುತ್ತದೆ. ಕೊಡಗಿನಲ್ಲಿ ‘ರಿಡೀಮ್ಡ್’ ಮತ್ತು ‘ಅನ್‌ರಿಡೀಮ್ಡ್’ ಎಂಬ ಎರಡು ಬಗೆಯ ಹಿಡುವಳಿಗಳಿವೆ. ಎರಡನೆಯದರಲ್ಲಿ ಬೀಟೆಯಂಥ ಬೆಲೆಬಾಳುವ ಮರ ಬೆಳೆಗಾರನ ತೋಟದಲ್ಲಿದ್ದರೂ ಅದರ ಮೇಲಿನ ಹಕ್ಕು ಸರ್ಕಾರದ್ದು. ವಿದೇಶಿ ಮೂಲದ ಸಿಲ್ವರ್ ಓಕ್ ಕಡಿಯಲು ಮಾತ್ರ ಅಂಥ ತೊಡಕಿಲ್ಲ. ನಾಡಿನ ಮರವನ್ನು ಬೆಳೆಸಿದರೆ ಲಾಭವಿಲ್ಲ, ಸಿಲ್ವರ್ ಓಕ್ ಬೆಳೆಸಿದರೆ ಹಣ ಎಂದಾದಾಗ ತೋಟದ ನೆರಳು ನಿಧಾನವಾಗಿ ಬದಲಾಗುವುದು ಅನಿವಾರ್ಯ. ಇದನ್ನು ಸರಿಪಡಿಸಲು ದೆಹಲಿಯ ಅಧಿಸೂಚನೆ ಬೇಕಾಗಿಲ್ಲ. ರಾಜ್ಯದ ಮರ ಸಂರಕ್ಷಣಾ ಕಾಯ್ದೆ ಹಾಗೂ ಭೂಕಂದಾಯ ನಿಯಮಗಳನ್ನು ಬೆಳೆಗಾರನಿಗೂ ಕಾಡಿಗೂ ಹಿತವಾಗುವಂತೆ ತಿದ್ದುವುದು ಬೆಂಗಳೂರಿನಲ್ಲೇ ಆಗಬಹುದಾದ ಕೆಲಸ.

ಮತದಾರ ಕೇಳಬೇಕಾದದ್ದು

ಹೀಗಾಗಿ ಶಾಸಕರೊಬ್ಬರ ಪರಿಸರ ದಾಖಲೆಯನ್ನು ಓದುವಾಗ ಹೇಳಿಕೆಗಳಾಚೆ ನಾಲ್ಕು ಸಂಗತಿಗಳನ್ನು ಗಮನಿಸುವುದು ಒಳಿತು. ಮೊದಲನೆಯದು, ಭೂ ಪರಿವರ್ತನೆ ಮತ್ತು ಇಳಿಜಾರಿನ ನಿರ್ಮಾಣ ಕುರಿತು ಸದನದಲ್ಲಿ ಅವರು ಕೇಳಿದ ಪ್ರಶ್ನೆಗಳೆಷ್ಟು. ಸದನದ ಪ್ರಶ್ನೋತ್ತರಗಳು ಸಾರ್ವಜನಿಕ ದಾಖಲೆಗಳಾದ್ದರಿಂದ ಇದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಎರಡನೆಯದು, ಭೂವೈಜ್ಞಾನಿಕ ಸಂಸ್ಥೆ ಗುರುತಿಸಿದ ಅಪಾಯದ ಜಾಗಗಳಲ್ಲಿ ಹೊಸ ಕಟ್ಟಡಗಳಿಗೆ ಪರವಾನಗಿ ದೊರೆತಾಗ ಅವರು ಏನು ಮಾಡಿದರು. ಮೂರನೆಯದು, ವರ್ಷಕ್ಕೆ 2 ಕೋಟಿ ರೂಪಾಯಿಯ ಕ್ಷೇತ್ರಾಭಿವೃದ್ಧಿ ನಿಧಿಯಲ್ಲಿ ತಡೆಗೋಡೆ, ಚರಂಡಿ, ತೋಡುಗಳ ರಕ್ಷಣೆಗೆ ಸಂದ ಪಾಲೆಷ್ಟು. ನಾಲ್ಕನೆಯದು, ನಕ್ಷೆ ತಪ್ಪೆಂದರೆ ಸರಿಯಾದ ನಕ್ಷೆ ಯಾವುದು, ಎಂದರೆ ಪಟ್ಟಿಯಲ್ಲಿರುವ 55 ಗ್ರಾಮಗಳಲ್ಲಿ ಯಾವುದು ಕಾಡು, ಯಾವುದು ತೋಟ ಎಂಬುದನ್ನು ಸರ್ವೆ ನಂಬರ್ ಸಹಿತ ತೋರಿಸುವ ದಾಖಲೆಯನ್ನು ಅವರು ಮುಂದಿಟ್ಟಿದ್ದಾರೆಯೇ.

ರಾಜ್ಯಗಳ ಆಕ್ಷೇಪಗಳನ್ನು ಪರಿಶೀಲಿಸಲು ಕೇಂದ್ರವು 2022ರಲ್ಲಿ ಅರಣ್ಯ ಇಲಾಖೆಯ ಮಾಜಿ ಮಹಾನಿರ್ದೇಶಕ ಸಂಜಯ್ ಕುಮಾರ್ ನೇತೃತ್ವದಲ್ಲಿ ಸಮಿತಿ ರಚಿಸಿತು. ಇಂಥ ಸಮಿತಿಯ ಮುಂದೆ ತೂಕ ಪಡೆಯುವುದು ನಿಖರ ನಕ್ಷೆ ಮತ್ತು ಸ್ಥಳ ಪರಿಶೀಲನೆಯ ಪುರಾವೆ. ಕಸ್ತೂರಿರಂಗನ್ 2025ರ ಏಪ್ರಿಲ್‌ನಲ್ಲಿ ನಿಧನರಾದರು. ಅವರ ಹೆಸರಿನ ವರದಿ ಮುಂದೆ ಅಂತಿಮವಾದರೂ, ಆಗದೆ ಹೋದರೂ ಕೊಡಗಿನ ಬೆಟ್ಟಗಳ ಮೇಲೆ ಪ್ರತಿ ಜೂನ್‌ನಲ್ಲಿ ಮಳೆ ಬರುತ್ತದೆ. ಆ ಮಳೆಗೆ ಮುನ್ನ ಬರೆ ಕತ್ತರಿಸುವುದನ್ನು ತಡೆಯುವ ಕಾನೂನು ಬೇಕೆಂದರೆ ಅದನ್ನು ಮಂಡಿಸಬೇಕಾದವರು ವಿಧಾನಸಭೆಯಲ್ಲಿ ಜಿಲ್ಲೆಯನ್ನು ಪ್ರತಿನಿಧಿಸುವ ಇಬ್ಬರು.